ಹೆಸರು ಕೊಡುವ ಶನಿವಾರ

ಸುಳ್ಳು ಹೇಳಿ ಕರ್ತನ ರೊಟ್ಟಿ ತಿಂದವಳು ನಾನು. ಒಂದು ಸಲವಲ್ಲ, ಆರು ವರ್ಷ ತಿಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನಾನೇ ಒಳ್ಳೆಯವಳಾಗಿ ಕಾಣುವ ಹಾಗೆ ಏನಾದರೂ ಸೇರಿಸಿಬಿಡುತ್ತೇನೆ. ನನ್ನ ಬಾಯಿ ನನಗೆ ಗೊತ್ತು.

ನಮ್ಮದು ಸವಣೂರು. ಎಲೆತೋಟಗಳ ಹಿಂದಿನ ಓಣಿಯಲ್ಲಿ ನಮ್ಮ ಕ್ರೈಸ್ತರ ಹತ್ತು ಹನ್ನೆರಡು ಮನೆ, ನಡುವೆ ಮಣ್ಣಿನ ಗೋಡೆಯ, ನಾಡಹೆಂಚಿನ ಪ್ರಾರ್ಥನೆಯ ಮನೆ. ಅಲ್ಲೇ ಇರುವ ಸಭಾಪಾಲಕರು ನಮಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಕಡೆಯಿಂದ ಒಬ್ಬರು ರೈಲಿನಲ್ಲಿ ಬಂದು, ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಟಾಂಗಾ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಭಾನುವಾರ ಕರ್ತನ ಭೋಜನ, ಎಂದರೆ ಕರ್ತನ ನೆನಪಿಗೆ ಎಲ್ಲರೂ ರೊಟ್ಟಿಯ ಚೂರು ತಿನ್ನುವ ಆರಾಧನೆ. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪಾಲಕರು ಪ್ರಾರ್ಥನೆಯ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ಉದ್ದನೆಯ ಪುಸ್ತಕ ತೆರೆದು ಕೂಡುವರು. ಮರುದಿನ ರೊಟ್ಟಿ ಮುಟ್ಟಬೇಕೆನ್ನುವವರು ಒಬ್ಬೊಬ್ಬರಾಗಿ ಹೋಗಿ ಹೆಸರು ಕೊಡಬೇಕು. ಬರೆಯುವ ಮೊದಲು ಅವರು ಕೇಳುತ್ತಿದ್ದರು: “ಯಾರ ಮೇಲಾದರೂ ನಿನ್ನ ಮನಸ್ಸಿನಲ್ಲಿ ಏನಾದರೂ ಇದೆಯೇ? ನಿನ್ನಿಂದ ಯಾರಿಗಾದರೂ ಅನ್ಯಾಯ ಆಗಿದೆಯೇ?” ಇದ್ದರೆ ಮೊದಲು ಅದನ್ನು ಮುಗಿಸಿಕೊಂಡು ಬರಬೇಕು. ಮುಗಿಯದಿದ್ದರೆ ಮೂರು ತಿಂಗಳು ಕಾಯಬೇಕು. ಹೀಗಾಗಿ ನಮ್ಮ ಓಣಿಯ ಜಗಳಗಳೆಲ್ಲ ಶನಿವಾರ ಮುಂಜಾನೆ ಮುಗಿಯುತ್ತಿದ್ದವು. ಕೋಳಿ ನುಗ್ಗಿದ ಜಗಳ, ಕಸ ಚೆಲ್ಲಿದ ಜಗಳ, ಎಲ್ಲ. ಅತ್ತೆ ಸೊಸೆಯರು ತಬ್ಬಿಕೊಂಡು ಅತ್ತು, ಹೆಸರು ಕೊಟ್ಟು, ಸೋಮವಾರ ಮತ್ತೆ ಶುರು ಹಚ್ಚುತ್ತಿದ್ದರು.

ನನ್ನ ಅವ್ವ ಸೂಲಗಿತ್ತಿ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಅಕ್ಷರ ಕಲಿತವಳಲ್ಲ. ಆದರೆ ಇತ್ತ ಹತ್ತಿಮತ್ತೂರು, ಅತ್ತ ಶಿಗ್ಗಾವಿಯ ದಾರಿಯ ಹಳ್ಳಿಗಳವರೆಗೆ ಆಕೆಯ ಕೈಯಲ್ಲಿ ಒಂದಾದರೂ ಕೂಸು ಹುಟ್ಟದ ಮನೆ ಕಡಿಮೆ. ಸಾಬರು, ಲಿಂಗವಂತರು, ಬ್ರಾಹ್ಮಣರು, ಎಲ್ಲರೂ ಗಾಡಿ ಕಳಿಸಿ ಕರೆಸುತ್ತಿದ್ದರು. ಬಸುರಿ ಬೇನೆ ತಿನ್ನುವಾಗ ಯಾರಿಗೂ ಜಾತಿ ನೆನಪಾಗುತ್ತಿರಲಿಲ್ಲ. ಕೂಸು ಅತ್ತ ಮೇಲೆ ನೆನಪಾಗಿ ಅವ್ವ ಕುಳಿತ ಜಾಗ ಸಾರಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವ್ವ ನಗುತ್ತಿದ್ದಳು. “ಸಾರಿಸ್ಲಿ ಬಿಡ, ನೆಲಾ ಸ್ವಚ್ಛ ಆಕ್ಕೈತಿ.” ಬಸುರಿಯ ಹೊಟ್ಟೆಗೆ ಕೈ ಹಚ್ಚುವ ಮೊದಲು ಕಣ್ಣು ಮುಚ್ಚಿ ಆಕೆ ಹೇಳುತ್ತಿದ್ದ ಪ್ರಾರ್ಥನೆ ಇಷ್ಟೇ: “ಕರ್ತಾ, ನಿನ್ನ ಕೈ ಮುಂದ, ನನ್ನ ಕೈ ಹಿಂದ.”

ನಾನು ಆಕೆಯ ಹಾಗೆ ಆಗಬಾರದು, ಕಲಿತು ಆ ಕೆಲಸ ಮಾಡಬೇಕು ಎಂಬುದು ಅವ್ವನ ಆಸೆ. ಹಟ ಹಿಡಿದು ನನ್ನನ್ನು ದೂರದ ಒಂದು ಮಿಶನ್ ಆಸ್ಪತ್ರೆಗೆ ಹೆರಿಗೆ ವಿದ್ಯೆ ಕಲಿಯಲು ಕಳಿಸಿದಳು. ಒಂದೂವರೆ ವರ್ಷ ಕಲಿತು ಬಂದೆ. ಬರುವಾಗ ಕೈಯಲ್ಲೊಂದು ತಗಡಿನ ಡಬ್ಬಿ, ಅದರಲ್ಲಿ ಕತ್ತರಿ, ಚಿಮಟಾ, ಔಷಧದ ಬಾಟಲಿ. ಮೈಮೇಲೆ ಬಿಳಿ ಸೀರೆ. ತಲೆಯಲ್ಲಿ ಏನಿತ್ತು ಅಂತ ಕೇಳಬೇಡಿ. ಹಳ್ಳಿಯ ಸೂಲಗಿತ್ತಿಯರು ಎಣ್ಣೆ ಹಚ್ಚಿ ತಿಕ್ಕಿ ಕೂಸುಗಳನ್ನು ಕೆಡಿಸುತ್ತಾರೆ ಎಂದು ಅಲ್ಲಿ ಪಾಠದಲ್ಲಿ ಹೇಳಿದ್ದರು. ನಾನು ಬಂದ ವಾರವೇ ಅದನ್ನು ಅವ್ವನಿಗೆ ಒಪ್ಪಿಸಿದೆ. ಅವ್ವ, “ಹೌದೇನವಾ, ನೀ ಕಲಿಸು, ನಾ ಕಲೀತೇನಿ” ಎಂದಳು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ತುಂಬಿದ ಕೊಡ ಯಾವುದು, ತುಳುಕುವ ಕೊಡ ಯಾವುದು ಎಂದು ಓಣಿಗೆಲ್ಲ ತಿಳಿದಿತ್ತು, ನನಗೊಬ್ಬಳಿಗೆ ಬಿಟ್ಟು.

ಮಹಾಯುದ್ಧ ಶುರುವಾಗುವ ಮುಂಚಿನ ವರ್ಷ, ಹತ್ತಿಮತ್ತೂರಿನ ದೊಡ್ಡ ಒಕ್ಕಲುತನದ ಮನೆಯೊಂದರಿಂದ ಗಾಡಿ ಬಂತು. ಸೊಸೆಯ ಚೊಚ್ಚಲ ಹೆರಿಗೆ. ಅವ್ವ, ನಾನು ಇಬ್ಬರೂ ಹೋದೆವು. ಹುಡುಗಿಗೆ ಹದಿನೇಳೋ ಹದಿನೆಂಟೋ. ಅವ್ವ ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥಿಸಿ, ಕೈಗೆ ಒಂದಿಷ್ಟು ಎಣ್ಣೆ ಸವರಿಕೊಂಡು ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, “ತಲಿ ಮ್ಯಾಲ ಐತಿ. ಕೆಳಗಿರೂದು ಕುಂಡಿ. ಈಗಿಂದೀಗ ಗಾಡಿ ಕಟ್ಟಿಸಿ ದೊಡ್ಡ ದವಾಖಾನಿಗೆ ಒಯ್ಯೂಣು.”

ನಾನೂ ಮುಟ್ಟಿ ನೋಡಿದೆ. ಕೆಳಗೆ ದುಂಡಗೆ ಏನೋ ಸಿಕ್ಕಿತು. ತಲೆಯೇ ಎಂದುಕೊಂಡೆ. ಖರೇ ಹೇಳಬೇಕೆಂದರೆ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಬಾಗಿಲಲ್ಲಿ ಆ ಮನೆಯ ಹಿರಿಯಳು, ಹುಡುಗಿಯ ಅತ್ತೆ, ನಿಂತು ನನ್ನ ಬಿಳಿ ಸೀರೆಯನ್ನೇ ನೋಡುತ್ತಿದ್ದಳು. ಅಷ್ಟು ಕಲಿತು ಬಂದವಳು ಎಣ್ಣೆ ಕೈಯ ಮುದುಕಿಯ ಮಾತು ಕೇಳುವುದೇ? “ತಲಿ ಕೆಳಗ ಐತಿ, ಎಲ್ಲಾ ಸರಿ ಐತ್ರಿ” ಎಂದು ಜೋರಾಗಿ ಹೇಳಿದೆ. ಅವ್ವ ಮತ್ತೆ, “ಅಲ್ಲವಾ, ಇನ್ನೊಮ್ಮೆ ನೋಡು” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. “ಅವ್ವಾ, ನೀ ಇಲ್ಲಿ ಅಡ್ಡಡ್ಡ ಮಾತಾಡಬ್ಯಾಡ. ಹೊರಗ ಹೋಗಿ ಕುಂದ್ರು” ಎಂದೆ, ಆ ಮನೆಯವರೆಲ್ಲರ ಎದುರಿಗೆ. ಅವ್ವ ಎದ್ದು ಹೋಗಿ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಕುಳಿತಳು.

ಮುಂದಿನದನ್ನು ಉದ್ದ ಮಾಡಲಾರೆ. ಮೂರು ತಾಸಿನ ಮೇಲೆ ಮೊದಲು ಬಂದದ್ದು ಕಾಲು. ನನ್ನ ಕೈಗಳು ಏನು ಕಲಿತಿದ್ದವೋ ಎಲ್ಲ ಮರೆತವು. “ಅವ್ವಾ” ಎಂದು ಕಿರುಚಿದೆ. ಅವ್ವ ಓಡಿ ಬಂದು ತಾಯಿಯನ್ನು ಉಳಿಸಿದಳು. ಕೂಸಿನ ತಲೆ ಒಳಗೇ ಸಿಕ್ಕಿ ಹೊತ್ತಾಗಿತ್ತು. ಅದು ಅಳಲಿಲ್ಲ. ಯಾರೋ ಹೆಣ್ಣಾಳು ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಳು.

ಹಿರಿಯಳು ಕೇಳಿದಳು, “ಏನಾತವಾ? ಎಲ್ಲಾ ಸರಿ ಐತಿ ಅಂದಿದ್ದೆಲ್ಲ?”

ಆಗ ನಾನು ಹೇಳಿದ ಮಾತನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. “ನಮ್ಮವ್ವ ಮದ್ಲ ಎಣ್ಣಿ ಹಚ್ಚಿ ತಿಕ್ಕಿದ್ಲಲ್ರಿ, ಅದಕ್ಕ ಕೂಸು ತಿರುಗಿಬಿಡ್ತು. ದವಾಖಾನ್ಯಾಗ ನಮಗ ಹಂಗ ಕಲಿಸ್ಯಾರ.”

ಥೂ! ಈಗಲೂ ಬರೆಯುವಾಗ ಕೈ ಸುಡುತ್ತದೆ. ಅವ್ವ ಅಲ್ಲೇ ನಿಂತಿದ್ದಳು, ಮೊಣಕೈವರೆಗೆ ರಕ್ತ. ನನ್ನನ್ನೊಮ್ಮೆ ನೋಡಿದಳು. ಹಿರಿಯಳು ಆಕೆಯ ಕಡೆ ತಿರುಗಿ, “ನಿನ್ನ ಕೈ ಸೇದಿಹೋಗ್ಲಿ” ಎಂದಳು. ತಿರುಗಿ ಬರುವಾಗ ಗಾಡಿಯಲ್ಲಿ ನಾವಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕುಳಿತೆವು.

ಸುದ್ದಿಗೆ ಗಾಡಿ ಬೇಕಾಗುವುದಿಲ್ಲ. ಎರಡು ತಿಂಗಳಲ್ಲಿ ಅವ್ವನನ್ನು ಕರೆಯುವವರು ನಿಂತುಹೋದರು. ಆಕೆ ಎಲೆತೋಟಕ್ಕೆ ಕೂಲಿ ಹೋಗತೊಡಗಿದಳು. ಅಷ್ಟು ಕೂಸುಗಳನ್ನು ಹಿಡಿದ ಕೈ, ದಿನವಿಡೀ ವೀಳ್ಯದೆಲೆ ಚಿವುಟಿ ಕಟ್ಟು ಕಟ್ಟುತ್ತಿತ್ತು. ನನ್ನನ್ನು ಮಾತ್ರ ಕರೆಯಲು ಬರುತ್ತಿದ್ದರು, ನಾನು ಕಲಿತವಳಲ್ಲವೇ! ನಾನು ಹೋಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮೊದಲು ಬಂದ ಆ ಪುಟ್ಟ ಕಾಲು ಕಣ್ಣ ಮುಂದೆ ಬರುತ್ತಿತ್ತು. ಜನರಿಗೆ “ಮೈಯಾಗ ಆರಾಮ ಇಲ್ರಿ” ಎಂದು ಹೇಳಿ, ಮನೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದೆ. ಮದುವೆಯ ಮಾತು ಬಂದರೆ ಬೇಡವೆಂದೆ. ಬೇರೆ ಊರಿನ ಕೆಲಸ ಬಂದರೆ ಬೇಡವೆಂದೆ. ಮಳೆಗಾಲದ ಕೆಸರಿನಲ್ಲಿ ಹೂತ ಗಾಡಿಯ ಗಾಲಿಯಂತೆ ಇದ್ದಲ್ಲೇ ಇದ್ದೆ. ದಿನಾ ಪ್ರಾರ್ಥನೆ ಮಾಡುತ್ತಿದ್ದೆ, ಮಾಡುತ್ತಿರಲಿಲ್ಲ ಎಂದಲ್ಲ. ಕರ್ತಾ, ನನ್ನನ್ನು ಇಲ್ಲಿಂದ ಎತ್ತು ಎಂದು ಬೇಡುತ್ತಿದ್ದೆ. ಏಕೆ ಹೂತಿದ್ದೇನೆ ಎಂಬುದನ್ನು ಮಾತ್ರ ಅವನಿಗೂ ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲವೇನೋ ಎಂಬಂತೆ!

ಆ ಘಟನೆಯ ನಂತರ ಹೆಸರು ಕೊಡುವ ಮೊದಲ ಶನಿವಾರವೇ ಅವ್ವ ಹೆಸರು ಕೊಡಲಿಲ್ಲ. ಭಾನುವಾರ ಎಲ್ಲರೂ ಮುಂದೆ ಹೋದಾಗ ಆಕೆ ಹಿಂದಿನ ಗೋಡೆಗೆ ಒರಗಿ ಕುಳಿತೇ ಇದ್ದಳು. ಮುಂದಿನ ಸಲವೂ ಅಷ್ಟೇ. ಓಣಿಯ ಹೆಂಗಸರು ಗುಸುಗುಸು ಅಂದರು: “ಕೂಸಿನ ಪಾಪ ಕಾಡಾಕತ್ತೈತಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ.” ನಾನು ಆ ಮಾತನ್ನು ಕೇಳಿ ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಒಳಗೊಳಗೆ ನನಗೆ ಸಮಾಧಾನವೂ ಆಯಿತು. ನಾನೋ, ತಪ್ಪದೆ ಹೆಸರು ಕೊಡುತ್ತಿದ್ದೆ. ಕೊಡದಿದ್ದರೆ ಏಕೆಂದು ಕೇಳುತ್ತಾರಲ್ಲ! “ಯಾರಿಗಾದರೂ ಅನ್ಯಾಯ ಆಗಿದೆಯೇ?” “ಇಲ್ರಿ.” ನಾಲಗೆ ಎಡವದೆ ಹೇಳುತ್ತಿದ್ದೆ.

ಹೀಗೇ ಆರು ವರ್ಷ. ಯುದ್ಧ ಮುಗಿಯುವ ಮುಂಚಿನ ವರ್ಷ ಹೊಸ ಪಾಲಕರು ಬಂದರು. ಮಂಗಳೂರಿನ ಕಡೆಯವರು, ವಯಸ್ಸಾದವರು, ಪುಸ್ತಕದ ಕನ್ನಡ ಮಾತಾಡುವವರು. ಅವರು ಶನಿವಾರ ಕಟ್ಟೆಯ ಮೇಲೆ ಕೂತು ಹಳೆಯ ಹಾಳೆಗಳನ್ನೆಲ್ಲ ಮಗುಚಿ ನೋಡಿದರಂತೆ. ಅವ್ವನನ್ನು ಕರೆಸಿದರು. ನಾನು ನನ್ನ ಸರದಿಗಾಗಿ ಬಾಗಿಲ ಮರೆಯಲ್ಲೇ ನಿಂತಿದ್ದೆ.

“ಏನಮ್ಮಾ, ಆರು ವರ್ಷದಿಂದ ನಿಮ್ಮ ಹೆಸರೇ ಇಲ್ಲವಲ್ಲ?”

“ಸುಳ್ಳ ಹೇಳಾಕ ಬರೂದಿಲ್ರಿ ನನಗ,” ಎಂದಳು ಅವ್ವ. “ಒಬ್ಬರ ಮ್ಯಾಲ ಮನಸಿನ್ಯಾಗ ಐತ್ರಿ. ಹೋಗ್ಲಿ ಅಂತ ದಿನಾ ಬೇಡ್ಕೊಂತೇನಿ, ಹೋಗವಲ್ದು. ಅದನ್ನ ಇಟಗೊಂಡು ರೊಟ್ಟಿ ಹೆಂಗ ಮುಟ್ಲಿ?”

“ಯಾರ ಮೇಲೆ?”

“ಅದನ್ನ ಕೇಳಬ್ಯಾಡ್ರಿ. ಹೇಳಿದ್ರ ಅವರ ಹೆಸರು ಕೆಡತೈತಿ.”

ಆರು ವರ್ಷ ಆಕೆ ಗೋಡೆಗೆ ಒರಗಿ ಕುಳಿತದ್ದು ತನ್ನ ಪಾಪಕ್ಕಲ್ಲ. ನನ್ನ ಮೇಲಿನ ಸಿಟ್ಟನ್ನು ಇಲ್ಲವೆನ್ನಲಾರದೆ, ಇದೆ ಎಂದು ಹೇಳಿ ನನ್ನನ್ನು ಬಿಟ್ಟುಕೊಡಲಾರದೆ. ಎಲ್ಲರ ಮಾತು ತಾನು ತಿಂದು, ರೊಟ್ಟಿಯನ್ನು ನನಗೆ ಬಿಟ್ಟಿದ್ದಳು.

ಈಗ ನಾನು ಓಡಿಹೋಗಿ ಕಾಲಿಗೆ ಬಿದ್ದೆ ಎಂದು ನೀವು ಅಂದುಕೊಂಡಿರಬೇಕು. ಇಲ್ಲ. ಪಾಲಕರು ನನ್ನನ್ನು ಕರೆದು ಕೇಳಿದರು, ನಾನು “ಇಲ್ರಿ” ಎಂದೆ. ಹೆಸರು ಬರೆದುಕೊಂಡರು. ಅಂಥ ಹೆಣ್ಣು ನಾನು.

ಮರುದಿನ ತಟ್ಟೆ ನನ್ನ ಮುಂದೆ ಬಂತು. ಗೋಧಿ ಸಿಗದ ಕಾಲ, ರೇಶನ್ನು. ಜೋಳದ ರೊಟ್ಟಿಯನ್ನೇ ಸಣ್ಣ ಸಣ್ಣ ಚೂರು ಮಾಡಿದ್ದರು. ನನ್ನ ಚೂರು ತೆಗೆದುಕೊಂಡೆ. ಬಾಯಿಯವರೆಗೆ ಕೈ ಏಳಲಿಲ್ಲ. ಹಿಂದಿನ ಗೋಡೆಯ ಕಡೆಯಿಂದ ಅವ್ವನ ಕೆಮ್ಮು ಕೇಳಿಸುತ್ತಿತ್ತು. ತಿಂದವಳಂತೆ ಬಾಯಿ ಆಡಿಸಿ, ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಸೋಮವಾರ ಸೀರೆ ಒಗೆಯಲು ತೆಗೆದ ಅವ್ವನ ಕೈಗೆ ಆ ಗಂಟು ಸಿಕ್ಕಿತು. ಬಿಚ್ಚಿ ನೋಡಿದಳು. ಅಂಗೈಯಲ್ಲಿ ಅದನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

“ತಿನ್ನಾಕ ಆಗದಿದ್ರ ತಗೊಂಡಿ ಯಾಕ?”

ನನ್ನ ಕಟ್ಟೆ ಒಡೆಯಿತು. ಅಳುತ್ತ ಅವ್ವನ ಕಾಲು ಹಿಡಿದೆ, ಎಲ್ಲ ಹೇಳಿದೆ. ತಲೆ ಯಾವುದು ಎಂದು ನನಗೆ ಗೊತ್ತಿರಲಿಲ್ಲ, ಸೊಕ್ಕಿನಿಂದ ಹೇಳಿದೆ, ಅಂಜಿ ನಿನ್ನ ಮೇಲೆ ಹಾಕಿದೆ ಎಂದೆ. ಅವ್ವ ನನ್ನನ್ನು ಎತ್ತಲಿಲ್ಲ, ತಲೆ ಸವರಲಿಲ್ಲ. ಆಕೆಗೂ ಸಿಟ್ಟಿತ್ತು, ನನ್ನ ಸಿಟ್ಟು ಆಕೆಯಿಂದಲೇ ಬಂದದ್ದು.

“ನನಗ್ಯಾಕ ಹೇಳ್ತಿ? ನನಗ ಗೊತ್ತಿಲ್ಲೇನು? ಗೊತ್ತಿಲ್ದವರಿಗೆ ಹೋಗಿ ಹೇಳು.”

ಹತ್ತಿಮತ್ತೂರು ನಾಲ್ಕು ಹರದಾರಿ ದೂರವೂ ಇರಲಿಕ್ಕಿಲ್ಲ. ನನಗೆ ಹೊರಡಲು ಹನ್ನೊಂದು ದಿನ ಹಿಡಿಯಿತು. ಮುಂಜಾನೆ ಸೀರೆ ಉಡುತ್ತಿದ್ದೆ, ಮಧ್ಯಾಹ್ನ ಬಿಚ್ಚಿಡುತ್ತಿದ್ದೆ. ನಮ್ಮವರಲ್ಲದವರ ಅಂಗಳದಲ್ಲಿ ನಿಂತು ನಾನು ಸುಳ್ಳಿ ಎನ್ನುವುದು ಹೇಗೆ? ಹನ್ನೆರಡನೆಯ ದಿನ ಹೊಸ್ತಿಲಲ್ಲಿ ನಿಂತಾಗ ಬಾಯಿಗೆ ತಾನಾಗಿ ಬಂದದ್ದು ಅವ್ವನ ಪ್ರಾರ್ಥನೆ, ಒಂದು ಮಾತು ಬದಲಾಗಿ: “ಕರ್ತಾ, ನಿನ್ನ ಕಾಲು ಮುಂದ, ನನ್ನ ಕಾಲು ಹಿಂದ.” ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ನಿಂತರೆ ಹೇಳುತ್ತಿದ್ದೆ, ಮತ್ತೆ ಒಂದು ಹೆಜ್ಜೆ ಇಡುತ್ತಿದ್ದೆ. ಆರು ವರ್ಷ ಎತ್ತು ಎತ್ತು ಎಂದು ಬೇಡಿದವಳಿಗೆ ಅವನು ಎತ್ತಿ ಒಯ್ಯುವವನಲ್ಲ, ಮುಂದೆ ನಡೆಯುವವನು ಎಂದು ತಿಳಿದದ್ದು ಆ ಹತ್ತಿ ಹೊಲಗಳ ನಡುವೆ.

ಹಿರಿಯಳು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಕೂಸು ಮೊದಲಿನಿಂದಲೇ ತಿರುಗಿತ್ತು, ಅವ್ವನಿಗೆ ತಿಳಿದಿತ್ತು, ಆಕೆಯನ್ನು ಕೊಟ್ಟಿಗೆಗೆ ಕಳಿಸಿದವಳು ನಾನು, ಸುಳ್ಳು ಹೇಳಿದವಳೂ ನಾನು. ಮೊರ ಆಕೆಯ ಕೈಯಲ್ಲಿ ನಿಂತಿತು. “ಶಿವಾ ಶಿವಾ” ಎಂದಳು. “ಆ ಮುದುಕಿಗೆ ಕೈ ಸೇದಿಹೋಗ್ಲಿ ಅಂದ್ನೆಲ್ಲೇ ನಾ!” ಎಂದು ಮೊರ ಇಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಬಾಗಿಲ ಹಿಂದಿನಿಂದ ಸೊಸೆ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಮತ್ತೆ ಬಸುರಿ, ಏಳು ತುಂಬಿತ್ತು. ನನಗೆ ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಆಕೆ ಮೆಲ್ಲಗೆ ಕೇಳಿದಳು, “ಅದು ಗಂಡೋ ಹೆಣ್ಣೋ?”

ನನಗೆ ಅರ್ಥವಾಗಲಿಲ್ಲ.

“ನನಗ ಯಾರೂ ಹೇಳ್ಲಿಲ್ಲ. ಕೇಳಿದ್ರ ಮರತುಬಿಡು ಅಂತಾರ. ನೀ ನೋಡೀದಿ. ಏನಿತ್ತು?”

“ಹೆಣ್ಣು,” ಎಂದೆ.

“ಕೂದ್ಲಾ?”

“ತಲಿ ತುಂಬ ಇತ್ತವಾ.”

ಆಕೆ ತಲೆಯಾಡಿಸಿ ಒಳಗೆ ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಮುಖ ನನಗೂ ಇರಲಿಲ್ಲ.

ಎರಡು ತಿಂಗಳಿಗೆ ನಮ್ಮ ಓಣಿಯಲ್ಲಿ ಅದೇ ಮನೆಯ ಗಾಡಿ ನಿಂತಿತು. ಗಾಡಿಯವ ಹೇಳಿದ, “ಮುದುಕವ್ವನ್ನ ಕರಕೊಂಡು ಬಾ ಅಂದಾರ. ಮಗಳು ಬ್ಯಾಡಂತ.” ಅವ್ವ ಎಲೆತೋಟದಿಂದ ಬಂದು ಕೈ ತೊಳೆದುಕೊಂಡಳು. ನನ್ನ ಕಡೆ ನೋಡದೆ, “ಡಬ್ಬಿ ತಗೋ, ನಡಿ” ಎಂದಳು. “ನಾ ಬ್ಯಾಡಂತಲ್ಲವಾ.” “ಒಳಗ ಬ್ಯಾಡ ಅಂದಾರ. ಕೊಟ್ಟಗ್ಯಾಗ ಕುಂದ್ರಾಕ ಯಾರು ಬ್ಯಾಡ ಅಂದಾರ?”

ಅಂದು ಮಧ್ಯಾಹ್ನವೆಲ್ಲ ನಾನು ಆ ದನದ ಕೊಟ್ಟಿಗೆಯಲ್ಲಿ ಕುಳಿತೆ, ಅವ್ವನನ್ನು ಕೂಡಿಸಿದ ಜಾಗದಲ್ಲೇ. ಕತ್ತರಿ ಕುದಿಸಿ ಹೊಸ್ತಿಲ ಈಚೆಯಿಂದ ಕೊಟ್ಟೆ. ಎಮ್ಮೆಯೊಂದು ನನ್ನ ಸೆರಗು ಅಗಿಯುತ್ತಿತ್ತು. ಒಳಗೆ ಆ ಹುಡುಗಿ ಕೂಗಿದಾಗಲೆಲ್ಲ, ಕರ್ತಾ ನಿನ್ನ ಕೈ ಮುಂದ, ಅವ್ವನ ಕೈ ಹಿಂದ ಎಂದು ಹೇಳುತ್ತಿದ್ದೆ. ನನ್ನ ಕೈಯ ಮಾತೇ ಅದರಲ್ಲಿ ಇರಲಿಲ್ಲ. ಹೊತ್ತು ಇಳಿಯುವ ಮೊದಲು ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಅವ್ವ ಬಂದು ಪಕ್ಕದಲ್ಲಿ ಕುಳಿತು ಕೈ ಚಾಚಿದಳು. ನಾನು ನೀರು ಹಾಕಿದೆ.

“ಹೆಣ್ಣು,” ಎಂದಳು. “ತಲಿ ತುಂಬ ಕೂದ್ಲ.”

ಆ ತಿಂಗಳು ಪಾಲಕರು ಬರುವ ತಿಂಗಳು. ಶನಿವಾರ ಅವ್ವ ನನಗೆ ಹೇಳದೆಯೇ ಹೋಗಿ ಸಾಲಿನಲ್ಲಿ ನಿಂತಿದ್ದಳು. ಓಣಿಯ ಹೆಂಗಸರೆಲ್ಲ ಬಾಯಿ ಮೇಲೆ ಬೆರಳಿಟ್ಟರು. ಪಾಲಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇದೆಯೇ, ಅಮ್ಮಾ?”

“ಇತ್ರಿ,” ಎಂದಳು ಅವ್ವ. “ಈಗಿಲ್ಲ.”

ಹಿಂದೆ ನಾನಿದ್ದೆ. ನನಗೂ ಅದೇ ಪ್ರಶ್ನೆ ಬಂತು. ಎಲ್ಲರಿಗೂ ಕೇಳಿಸುವ ಹಾಗೆ ಎಲ್ಲ ಹೇಳಿದೆ, ಹತ್ತಿಮತ್ತೂರಿನ ಕೂಸಿನಿಂದ ಸೆರಗಿನ ಗಂಟಿನವರೆಗೆ. ಅವ್ವನ ಬೆನ್ನ ಹಿಂದೆ ಕುಂಬಳಕಾಯಿಯ ಗಾದೆ ಹೇಳಿದವರೂ ಕೇಳಿದರು. ಕೊನೆಗೆ, “ಅಲ್ಲಿ ಒಬ್ಬಾಕಿ ಮನಸಿನ್ಯಾಗ ನನ್ನ ಮ್ಯಾಲ ಐತ್ರಿ. ಅದು ಹೋಗೂವಂಥಾದ್ದಲ್ಲ. ನನ್ನ ಹೆಸರ ಬರೀಬ್ಯಾಡ್ರಿ” ಎಂದೆ. ಪಾಲಕರು, “ನಿನ್ನ ಕಡೆಯದನ್ನು ನೀನು ಮುಗಿಸಿದ್ದೀಯಮ್ಮಾ” ಎಂದು ಲೇಖನಿ ಅದ್ದಿ, ಅವ್ವನ ಹೆಸರಿನ ಕೆಳಗೆ ನನ್ನ ಹೆಸರು ಬರೆದರು.

ಭಾನುವಾರ ಅವ್ವ ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಮೊಣಕಾಲೂರಿದಳು. ತಟ್ಟೆ ಬಂತು. ಆಕೆ ತೆಗೆದುಕೊಂಡಳು. ನಾನು ತಲೆ ತಗ್ಗಿಸಿ ಕೈ ಮಡಚಿಕೊಂಡೇ ಇದ್ದೆ. ಬೇನೆ ತಿನ್ನುವ ಹೆಣ್ಣುಮಕ್ಕಳನ್ನು ಗದರಿಸುವ ಅದೇ ದನಿಯಲ್ಲಿ ಅವ್ವ ನನ್ನ ಮೊಣಕೈ ತಿವಿದು, “ಅಂಜಬ್ಯಾಡ, ಕೈ ಚಾಚು” ಎಂದಳು. ಚಾಚಿದೆ. ಒಣಗಿದ ಜೋಳದ ರೊಟ್ಟಿ. ಅಗಿದು ನುಂಗುವವರೆಗೆ ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು.